ಹಣೆಯ ಹಿಂದಿನ ಹಳದಿ ತುಂಡು

ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನನ್ನು ಅಚ್ಚಿನಿಂದ ಬಿಡಿಸಿದರು. ನಾನು ಪ್ಲಾಸ್ಟಿಕ್ಕಿನ ಒಂದು ಮೆದುಳು. ಹುಟ್ಟಿದ್ದು ಅಂಬಾಲಾದ ಕಾರ್ಖಾನೆಯಲ್ಲಿ. ನೋಡುವ ಭಾಗಕ್ಕೆ ಹಸಿರು, ಕೇಳುವ ಭಾಗಕ್ಕೆ ನೀಲಿ, ಹಣೆಯ ಹಿಂದಿನ ಭಾಗಕ್ಕೆ ಹಳದಿ ಬಣ್ಣ ಬಳಿದರು.

ಮೊದಲು ಹುಬ್ಬಳ್ಳಿಯ ಕಾಲೇಜೊಂದರ ಮನಃಶಾಸ್ತ್ರ ವಿಭಾಗಕ್ಕೆ ಬಂದೆ. ಸಿಟ್ಟಿಗೂ ಹೆದರಿಕೆಗೂ ಮೆದುಳಿನಲ್ಲಿ ಜಾಗ ಉಂಟೆಂದು ಹುಡುಗರು ಬಾಯಿಪಾಠ ಮಾಡಿದರು. ವಿದ್ಯಾರ್ಥಿಗಳಿಲ್ಲದೆ ವಿಭಾಗ ಮುಚ್ಚಿದಾಗ ಮನೋವೈದ್ಯ ಇನಾಮದಾರರು ನನ್ನನ್ನು ಕೊಂಡು ತಮ್ಮ ಮೇಜಿನ ಮೇಲಿಟ್ಟರು.

ಒಂದು ದಿನ ಮಲ್ಲೇಶಿಯನ್ನು ಕರೆತಂದರು. ಸೀರೆ ಅಂಗಡಿಯಲ್ಲಿ ಮೆತ್ತಗೆ ಮಾತಾಡಿ ಹೆಸರಾದವನು. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಗಿರಾಕಿಗಳನ್ನು ಬೈದು ಕೆಲಸ ಕಳೆದುಕೊಂಡಿದ್ದ. ಹೆಂಡತಿ ನೀಲವ್ವನ ಕೈ ಮೇಲೆ ಬಿಸಿ ಸಾರು ಎರಚಿದ್ದ. ಅವನ ಜೊತೆ ಇರಬೇಕೋ, ತವರಿಗೆ ಹೋಗಬೇಕೋ, ಅದೊಂದನ್ನು ತೀರ್ಮಾನಿಸಲು ಅವಳು ಬಂದಿದ್ದಳು. ಪಕ್ಕದಲ್ಲಿ ಅಣ್ಣ ಚನ್ನಬಸು, ಬಸ್ ಡಿಪೋದ ಮೆಕ್ಯಾನಿಕ್.

ಡಾಕ್ಟರು ನನ್ನ ಹಳದಿ ತುಂಡನ್ನು ಕಳಚಿ ಹಿಡಿದರು.

"ಇದು ತಡಿಯೂ ಭಾಗ. ಗಾಡಿಗೆ ಬ್ರೇಕ್ ಇದ್ದಂಗ. ಇದಕ್ಕ ಪೆಟ್ಟ ಬಿದ್ದೈತಿ. ಅವ್ರು ಬೇಕಂತ ಮಾಡಾಕತ್ತಿಲ್ಲವ್ವಾ."

ಮಲ್ಲೇಶಿಯ ಮೇಲಿನ ಅಪವಾದ ಕಳೆದರೆ ಮನೆ ಉಳಿದೀತು ಎಂಬುದು ಡಾಕ್ಟರ ಲೆಕ್ಕ.

ನೀಲವ್ವ ಆ ತುಂಡನ್ನೇ ನೋಡಿದಳು. "ಮದ್ಲ ನನ್ನ ಮ್ಯಾಲೆ ಜೀವಾ ಇಟ್ಕೊಂಡಿದ್ರಲ್ರೀ, ಅದೂ ಇದ್ರಾಗ ಇತ್ತೇನ್ರಿ?"

ಡಾಕ್ಟರು ತುಂಡನ್ನು ಮೇಜಿನ ಮೇಲಿಟ್ಟರು.

"ಈ ಬ್ರೇಕ್ ಮತ್ತ ಕೂಡ್ತೈತೇನ್ರಿ?" ಚನ್ನಬಸು ಕೇಳಿದ.

"ಖಾತ್ರಿ ಹೇಳಾಕ ಬರಂಗಿಲ್ಲ. ಗುಳಿಗಿ ಕೊಟ್ಟು ನೋಡೂಣು."

"ಬ್ರೇಕ್ ಇಲ್ಲದ ಗಾಡಿ ನಾವು ಡಿಪೋ ದಾಟಿಸಂಗಿಲ್ರಿ."

ಮಲ್ಲೇಶಿ ನಕ್ಕ. "ಹೌದಲೇ ಮಿಸ್ತ್ರಿ, ಗುಜರಿಗೆ ಹಾಕು ನನ್ನ."

"ಮನಷ್ಯಾ ಅಂದ್ರ ಗಾಡಿ ಅಲ್ಲಪಾ," ಡಾಕ್ಟರು ಅವಸರದಿಂದ ಹೇಳಿದರು.

"ಗಾಡಿ ಅಂದವ್ರು ನೀವ ಅಲ್ಲೇನ್ರಿ, ಸಾಹೇಬ್ರ?" ಎಂದ ಚನ್ನಬಸು.

ನೀಲವ್ವ ಸೆರಗಿನಿಂದ ಸುಟ್ಟ ಕೈ ಮುಚ್ಚಿಕೊಂಡು ಎದ್ದಳು. ಮಲ್ಲೇಶಿಯ ನಗು ನಿಂತಿತು. "ಎಲ್ಲಿಗೆ?" ಎಂದ, ಹಳೆಯ ಮೆತ್ತನೆಯ ದನಿಯಲ್ಲಿ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಅಣ್ಣನ ಹಿಂದೆ ನಡೆದಳು.

ಡಾಕ್ಟರು ಬ್ರೇಕಿನ ಹೋಲಿಕೆಯನ್ನು ಮತ್ತೆಂದೂ ಬಳಸಲಿಲ್ಲ. ಈಗ ಕಂಪ್ಯೂಟರಿನಲ್ಲಿ ಚಿತ್ರ ತೋರಿಸುತ್ತಾರೆ. ನಾನು ಕಪಾಟಿನ ಮೇಲೆ ಧೂಳು ಹಿಡಿದಿದ್ದೇನೆ. ಪೆಟ್ಟು ಎಲ್ಲಿ ಬಿದ್ದಿದೆ ಎಂದು ನನ್ನನ್ನು ಹಿಡಿದು ತೋರಿಸಬಹುದು. ಪೆಟ್ಟು ತಿಂದವನ ಜೊತೆ ಯಾರು ಬಾಳಬೇಕು ಎಂಬುದಕ್ಕೆ ನನ್ನಲ್ಲಿ ಜಾಗವಿಲ್ಲ.

ನೀಲವ್ವ ಗದಗಿನ ತವರಿನಲ್ಲೇ ಉಳಿದಳು. ಮಲ್ಲೇಶಿ ತಿಂಗಳಿಗೊಮ್ಮೆ ಗುಳಿಗೆಗೆ ಬರುತ್ತಾನೆ, ತಾಯಿಯ ಜೊತೆ.