ನಗುವಿಗೊಂದು ಚೌಕಟ್ಟು

ನಾಲ್ಕನೆಯ ಮೂಲೆ ಕೂಡಲಿಲ್ಲ. ಮೂರು ಮೂಲೆಗಳು ಉಗುರು ತೂರದಷ್ಟು ಬಿಗಿಯಾಗಿ ಕೂತಿದ್ದವು. ನಾಲ್ಕನೆಯದರಲ್ಲಿ ಮಾತ್ರ ಸಣ್ಣ ಗೆರೆಯಾಗಿ ಬೆಳಕು ಕಾಣುತ್ತಿತ್ತು. ಬೊಹುಮಿಲ್ ಬಿಗಿದ ಪಟ್ಟಿಯನ್ನು ಬಿಚ್ಚಿದ, ಮತ್ತೆ ಬಿಗಿದ. ಬೆಳಕು ಹಾಗೆಯೇ ಇತ್ತು. ಯಾವ ಮೂಲೆಯಲ್ಲಿ ತಪ್ಪಿದರೂ ಅದು ಕಾಣಿಸಿಕೊಳ್ಳುವುದು ಕೊನೆಯ ಮೂಲೆಯಲ್ಲೇ ಎಂದು ಚೌಕಟ್ಟು ಮಾಡುವವರಿಗೆಲ್ಲ ಗೊತ್ತು. ಆದರೂ ಅವನು ಬೈದದ್ದು ಕೊನೆಯ ಮೂಲೆಯನ್ನೇ.

ಅವರ ಎಂಟು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದೊಂದು ಗೂಡಿತ್ತು. ಬೇರೆಯವರು ಅಲ್ಲಿ ಆಲೂಗಡ್ಡೆ, ಹುಳಿಬರಿಸಿದ ಎಲೆಕೋಸು, ಹಳೆಯ ಸ್ಕೀಗಳನ್ನು ಇಡುತ್ತಿದ್ದರು. ಬೊಹುಮಿಲ್ ಒಂದು ಮೇಜನ್ನೂ ಗರಗಸವನ್ನೂ ತನ್ನ ಶನಿವಾರಗಳನ್ನೂ ಇಟ್ಟಿದ್ದ. ವಾರದ ಉಳಿದ ದಿನ ಅವನು ನೀರು ಸರಬರಾಜು ಕಚೇರಿಯ ಎಂಜಿನಿಯರ್. ನೆಲದಡಿಯ ಕೊಳವೆಗಳ ನಕ್ಷೆ ಬರೆಯುತ್ತಿದ್ದ. ಕೊಳವೆ ಒಡೆದು ನೀರು ಚಿಮ್ಮುವವರೆಗೆ ಯಾರೂ ಅವನನ್ನು ಕೇಳುತ್ತಿರಲಿಲ್ಲ.

ಸಂಜೆಯೊಳಗೆ ಈ ಚೌಕಟ್ಟು ಊರ ಚೌಕದಲ್ಲಿರುವ ಬೂಟಿನ ಅಂಗಡಿಗೆ ಹೋಗಬೇಕು. ಏಪ್ರಿಲ್ ಬಂತೆಂದರೆ ಊರಿನ ಅಂಗಡಿ ಕಿಟಕಿಗಳಲ್ಲಿ ಬೂಟು, ಸಾಸೇಜುಗಳ ನಡುವೆ ಶಾಲೆ ಮುಗಿಸುವ ಮಕ್ಕಳ ಮುಖಗಳು ಕೂರುತ್ತವೆ. ತರಗತಿಗೊಂದು ದೊಡ್ಡ ಹಲಗೆ, ಅದಕ್ಕೆ ಟಾಬ್ಲೊ ಎನ್ನುತ್ತಾರೆ. ಸುತ್ತ ಮಕ್ಕಳು, ನಡುವೆ ತರಗತಿಯ ಶಿಕ್ಷಕಿ. ಯಾರ ಮಗಳಿಗೆ ಯಾರ ಮೂಗು ಬಂದಿದೆ ಎಂದು ಊರು ನಿಂತು ತೀರ್ಪು ಕೊಡುತ್ತದೆ. ಈ ಸಲ ನಡುವಿನ ಜಾಗ ಯೋಲಾನಾಳದು. ಯೋಲಾನಾ ಬೊಹುಮಿಲ್‌ನ ಹೆಂಡತಿ. ಅವಳ ತರಗತಿಯ ಮಕ್ಕಳು ಫೋಟೋ ಬೇಡವೆಂದರು. ಡಾಕ್ಟರ್ ವೆಂಡೆಲಿನ್ ನಮ್ಮನ್ನು ಮರದಲ್ಲಿ ಕೊರೆದುಕೊಡಲಿ ಎಂದರು.

ವೆಂಡೆಲಿನ್ ಹಲ್ಲಿನ ಡಾಕ್ಟರು. ಹಗಲೆಲ್ಲ ಊರಿನ ಬಾಯಿ ನೋಡುತ್ತಾನೆ, ಸಂಜೆ ಎಳೆಗರಗಸದ ಮುಂದೆ ಕೂರುತ್ತಾನೆ. ದಾರದಷ್ಟು ತೆಳ್ಳಗಿನ ಅಲಗು ಮೇಲೆ ಕೆಳಗೆ ಓಡುತ್ತಿರುತ್ತದೆ. ಅವನು ಪ್ಲೈವುಡ್ಡಿನ ಹಾಳೆಯನ್ನು ಅದರ ಸುತ್ತ ಮೆಲ್ಲಗೆ ತಿರುಗಿಸುತ್ತಾನೆ. ನೆರಳಿರುವಲ್ಲೆಲ್ಲ ತೂತು ಬೀಳುತ್ತದೆ. ಹಿಂದೆ ಕಪ್ಪು ಮಖಮಲ್ಲು ಇಟ್ಟರೆ ಆ ತೂತುಗಳೆಲ್ಲ ಸೇರಿ ಒಂದು ಮುಖವಾಗುತ್ತವೆ.

ವೆಂಡೆಲಿನ್ ಕೊರೆಯುವುದು, ಬೊಹುಮಿಲ್ ಚೌಕಟ್ಟು ಹಾಕುವುದು, ಇದು ಎಷ್ಟೋ ವರ್ಷಗಳ ಏರ್ಪಾಡು. ಪ್ರದರ್ಶನಗಳಲ್ಲಿ ಜನ, ಡಾಕ್ಟರ ಕೈ ನೋಡಿ, ಎನ್ನುತ್ತಾರೆ. ಚೌಕಟ್ಟು ಯಾರದೆಂದು ಒಬ್ಬನೂ ಕೇಳಿಲ್ಲ. ಒಮ್ಮೆ ಬೊಹುಮಿಲ್ ನಗುನಗುತ್ತಲೇ ಈ ಮಾತೆತ್ತಿದಾಗ ವೆಂಡೆಲಿನ್, "ಕಣ್ಣಿಗೆ ಬೀಳದೆ ಇರೋದೇ ಒಳ್ಳೆ ಚೌಕಟ್ಟು, ಮಾರಾಯ," ಎಂದಿದ್ದ. ಬೊಹುಮಿಲ್ ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೊರಟಿದ್ದ. ಮೆಟ್ಟಿಲು ಹತ್ತುವ ಹೊತ್ತಿಗೆ ಅದು ಹೊಗಳಿಕೆಯಾಗಿ ಉಳಿದಿರಲಿಲ್ಲ.

ಯೋಲಾನಾಳ ಮುಖ ಕೊರೆದ ಹಾಳೆ ಬೆಳಗಿನಿಂದ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಅವನು ಬೆನ್ನಿನಿಂದಲೇ ಅಳತೆ ತೆಗೆದುಕೊಂಡಿದ್ದ. ಚೌಕಟ್ಟಿಗೆ ಬೇಕಾದದ್ದು ಅಷ್ಟೇ. ಈಗ ಕೂರಿಸಿ ನೋಡಲೆಂದು ತಿರುಗಿಸಿದ.

ಅವಳು ನಗುತ್ತಿದ್ದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ. ಮೇಲಿನ ಸಾಲಿನಲ್ಲಿ ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತ ಆ ಒಂದು ಹಲ್ಲು, ಬಿಳಿಯ ಬರ್ಚ್ ಮರದ ಅಕ್ಕಿಕಾಳಿನಷ್ಟು ಚೂರು, ಯಾವ ಸಂಕೋಚವೂ ಇಲ್ಲದೆ ಹೊರಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆ ಹಲ್ಲು ತೋರಿಸಿ ನಕ್ಕದ್ದು ಅವನಿಗೆ ನೆನಪಿಲ್ಲ. ನಗು ಬಂದರೆ ತುಟಿ ಬಿಗಿಹಿಡಿದು ಮೂಗಿನಲ್ಲೇ ನಗುವವಳು ಅವಳು. ಅದು ಅವಳ ಸ್ವಭಾವವೆಂದೇ ಅವನು ತಿಳಿದಿದ್ದ.

ಹಾಗಾದರೆ ವೆಂಡೆಲಿನ್‌ನ ಮುಂದೆ ಹೀಗೆ ನಕ್ಕಿದ್ದಾಳೆ. ಕುರ್ಚಿ ಒರಗಿಸಿ, ಮೇಲೆ ದೀಪ ಹಾಕಿ, ಬಾಯಿ ತೆರೀರಿ ಅನ್ನುವ ಹಕ್ಕು ಅವನಿಗಿದೆ. ಹೆಂಡತಿಯ ಬಾಯಿಯನ್ನು ಗಂಡನಿಗಿಂತ ಚೆನ್ನಾಗಿ ಬಲ್ಲವನು. ಈ ಯೋಚನೆ ಬೊಹುಮಿಲ್‌ಗೆ ಮೊದಲು ತಮಾಷೆಯೆನಿಸಿತು. ಆಮೇಲೆ ಅನಿಸಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಓದಿದವನಾದ್ದರಿಂದ ಅದಕ್ಕೆ ಬೇರೆ ಹೆಸರು ಹುಡುಕಿದ. ಅಸಮಾಧಾನ, ಕುತೂಹಲ, ಆಯಾಸ. ಯಾವುದೂ ಕೂಡಲಿಲ್ಲ. ಇದು ಹೊಟ್ಟೆಕಿಚ್ಚೇ. ವೆಂಡೆಲಿನ್‌ನ ಕೈಚಳಕದ ಮೇಲೆ ಮೊದಲಿನಿಂದ ಇತ್ತು, ಈಗ ಅವಳ ನಗುವಿನ ಮೇಲೂ ಬಂತು.

ಯೋಲಾನಾ ಕೆಳಗಿಳಿದು ಬಂದಳು. ಕುರಿಹಾಲಿನ ಚೀಸು ಸವರಿ ಈರುಳ್ಳಿ ಉದುರಿಸಿದ ಬ್ರೆಡ್ಡಿನ ತಟ್ಟೆಯನ್ನು ಮರದ ಹುಡಿಯ ನಡುವೆ ಇಟ್ಟಳು.

"ನೋಡಿದ್ಯಾ?"

"ಏನನ್ನ?"

"ನನ್ನನ್ನ."

"ಮೂಲೆ ಕೂರ್ತಿಲ್ಲ."

"ನಾನು ಮೂಲೆ ಕೇಳ್ಲಿಲ್ಲ."

"ನೋಡಿದೆ. ಚೆನ್ನಾಗಿ ಕೊರ್ದಿದಾನೆ."

ಅವಳು ಇನ್ನೇನೋ ಬರುತ್ತದೆಂದು ಕಾದಳು. ಅವನು ಮೂಲೆಗೆ ಅಂಟು ಹಚ್ಚಿದ.

"ಅಷ್ಟೇನಾ?"

"ಇನ್ನೇನು ಹೇಳ್ಬೇಕು? ಅವನೆಲ್ಲಿ ನೋಡಿದ ಇದನ್ನ?"

"ಫೋಟೋದಲ್ಲಿ."

"ಯಾವ ಫೋಟೋ?"

ಅವಳು ಅವನ ಮುಖವನ್ನೇ ನೋಡಿದಳು. ತರಗತಿಯಲ್ಲಿ ಸುಲಭದ ಪ್ರಶ್ನೆ ಕೇಳಿ ಉತ್ತರ ಬಾರದಿದ್ದಾಗ ಹಾಗೆ ನೋಡುತ್ತಾಳೆಂದು ಅವನಿಗೆ ಯಾರೋ ಹೇಳಿದ್ದರು.

"ಒಂದಿತ್ತು," ಎಂದಳು.

"ಯಾರು ತೆಗ್ದಿದ್ದು?"

"ತಿನ್ನು. ಬ್ರೆಡ್ಡು ಒಣಗುತ್ತೆ."

ಅವಳು ಹೋದಮೇಲೆ ಅವನು ತಿನ್ನಲಿಲ್ಲ. ಕಳ್ಳತನ ಸಿಕ್ಕಿತೆಂಬ ಸಮಾಧಾನವೂ ಸಿಗಲಿಲ್ಲ. ಮುಚ್ಚಿಡುವವಳು ಹೀಗೆ ತಾನಾಗಿ ಬಂದು ನೋಡಿದ್ಯಾ ಎಂದು ಕೇಳುತ್ತಾಳೆಯೇ? ಕೇಳುತ್ತಾಳೆ, ಎಂದುಕೊಂಡ. ಮುಚ್ಚಿಡುವವಳೇ ಕೇಳುತ್ತಾಳೆ. ಎಂಜಿನಿಯರನ ತರ್ಕಕ್ಕೆ ಯಾವ ಕೊಳವೆಯನ್ನೂ ಎಲ್ಲಿಗೂ ಜೋಡಿಸುವುದು ಕಷ್ಟವಲ್ಲ.

ಮಧ್ಯಾಹ್ನ ವೆಂಡೆಲಿನ್ ಬಂದ. ಬಾಗಿಲು ತಟ್ಟುವ ಅಭ್ಯಾಸ ಅವನಿಗಿರಲಿಲ್ಲ.

"ಏನು ಎಂಜಿನಿಯರ್ ಸಾಹೇಬ್ರೇ, ಇನ್ನೂ ಮೂಲೇಲೇ ಇದ್ದೀರಾ? ಅಂಗಡೀಲಿ ಮಕ್ಕಳೆಲ್ಲ ಹಲಗೆ ಏರಿ ಆಯ್ತು. ಟೀಚರಮ್ಮ ಒಬ್ಬರೇ ಬಾಕಿ."

"ಅಂಟು ಒಣಗ್ಬೇಕು."

"ಒಣಗ್ಲಿ ಬಿಡು." ಅವನು ಹಾಳೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಬಲ್ಬಿಗೆ ಹಿಡಿದ. "ಉಳಿದ ಮುಖಗಳೆಲ್ಲ ಒಂದು ಕಡೆ, ಇದೇ ಒಂದು ಕಡೆ. ಈ ಹಲ್ಲು ನೋಡು. ಕೂದಲೆಳೆಯಷ್ಟು ಮರದಲ್ಲಿ ತುಟಿಗೆ ನೇತಾಡ್ತಿದೆ. ಉಸಿರು ಬಿಗಿಹಿಡಿದು ಕೊರ್ದೆ. ದಯವಿಟ್ಟು ಅಲ್ಲಿ ಕೈ ಇಡ್ಬೇಡ."

"ಬಿಟ್ಟುಬಿಡ್ಬಹುದಿತ್ತು ಅದನ್ನ."

"ಹಲ್ಲನ್ನಾ? ಅದು ಬಿಟ್ರೆ ಇನ್ನೇನಿದೆ ಇದ್ರಲ್ಲಿ?" ವೆಂಡೆಲಿನ್ ಹಾಳೆಯನ್ನು ಕೆಳಗಿಟ್ಟ. "ಸರಿ ಮಾಡಿಕೊಡ್ತೀನಿ ಅಂತ ನಾನೇ ಎಷ್ಟು ಸಲ ಹೇಳಿದೀನಿ. ಬಿಲ್ಕುಲ್ ಬೇಡ ಅಂತಾಳೆ. ಒಬ್ಬರಿಗೆ ಇಷ್ಟ ಆಗಿತ್ತಂತೆ, ಹಾಗೇ ಇರ್ಲಿ ಅಂತ."

"ಯಾರಿಗೆ?"

"ನನ್ನ ಕೇಳ್ತೀಯಾ?" ವೆಂಡೆಲಿನ್ ನಕ್ಕು ಅವನ ಬೆನ್ನು ತಟ್ಟಿದ. "ಒಳ್ಳೆ ಗಂಡ ಕಣೋ ನೀನು."

ಅವನು ಮೆಟ್ಟಿಲು ಹತ್ತುತ್ತ ಶಿಳ್ಳೆ ಹಾಕುವುದು ಕೇಳಿಸಿತು. ಬೊಹುಮಿಲ್ ಅಂಟಿನ ಡಬ್ಬಿಯ ಮುಚ್ಚಳ ಮುಚ್ಚಿದ. ನಾಲ್ಕನೆಯ ಮೂಲೆಯ ಸಂದಿಗೆ ಕಾಗದದಂಥ ಮರದ ಸಿಬಿರೊಂದನ್ನು ತೂರಿಸಿ ಉಜ್ಜಿದ, ಬೆಳಕು ನಿಂತಿತು. ಹಿಂಬದಿಯ ಹಲಗೆಗೆ ಕಪ್ಪು ಮಖಮಲ್ಲು ಹೊದಿಸಿ ಮೊಳೆ ಹೊಡೆದ. ಹಾಳೆಯನ್ನು ಮೇಲೆ ಕೂರಿಸಿದ. ಅದು ಕೂತಿತು. ಅವನು ಮಾಡಿದ ಚೌಕಟ್ಟುಗಳಲ್ಲಿ ಇದಕ್ಕಿಂತ ಒಳ್ಳೆಯದಿರಲಿಲ್ಲ, ಒಳಗೆ ಅವಳು ಇನ್ಯಾರಿಗೋ ನಗುತ್ತಿದ್ದಳು.

ಹೆಬ್ಬೆರಳು ಬಾಯಿಯ ಮೇಲೆ ಹೋಯಿತು. ಅವನು ಅದನ್ನು ಕಳಿಸಲಿಲ್ಲ, ತಡೆಯಲೂ ಇಲ್ಲ. ಒತ್ತಬೇಕಾಗಿಯೇ ಬರಲಿಲ್ಲ. ಚಿಕ್ಕದೊಂದು ಸದ್ದು, ಅಷ್ಟೇ. ಅಕ್ಕಿಕಾಳಿನಷ್ಟು ಮರ ಹುಡಿಯಲ್ಲಿ ಬಿದ್ದು ಹುಡಿಯಾಯಿತು. ಅವನು ಹುಡುಕಲಿಲ್ಲ. ಹಾಯೆನಿಸೀತೆಂದು ಕಾದ. ಹಸಿವಾಯಿತು. ಒಣಗಿದ ಬ್ರೆಡ್ಡನ್ನು ನಿಂತೇ ತಿಂದ.

ಸಂಜೆ ಬೂಟಿನ ಅಂಗಡಿಯ ಮುಂದೆ ಯೋಲಾನಾಳ ಸುತ್ತ ಹುಡುಗಿಯರು ಗುಂಪಾಗಿ ನಿಂತಿದ್ದರು. ಬೊಹುಮಿಲ್ ಕಂಬಳಿಯಲ್ಲಿ ಸುತ್ತಿ ತಂದ ಚೌಕಟ್ಟನ್ನು ಅಂಗಡಿಯ ಹೆರ್ಮೀನಾ ಬಿಚ್ಚಿ ಎತ್ತಿ ಹಿಡಿದಳು. ಹಿಂದಿನಿಂದ ಒಬ್ಬಳು ಮೆಲ್ಲಗೆ, "ಮಿಸ್ಸಿಗೆ ಒಂದು ಹಲ್ಲೇ ಇಲ್ಲ," ಎಂದಳು. ಇನ್ನೊಬ್ಬಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು.

"ದಾರೀಲಿ ಬಿದ್ದಿರ್ಬೇಕು," ಎಂದ ಬೊಹುಮಿಲ್. ಯಾರೂ ಅವನನ್ನು ಕೇಳಿರಲಿಲ್ಲ.

ವೆಂಡೆಲಿನ್ ಕನ್ನಡಕ ಹಣೆಗೇರಿಸಿ ಹತ್ತಿರ ಬಂದ. ಮುರಿದ ಜಾಗವನ್ನು ನೋಡಿದ. ಕಂಬಳಿಯನ್ನು ನೋಡಿದ, ಅದರಲ್ಲಿ ಚೂರು ಇರಲಿಲ್ಲ. ಬೊಹುಮಿಲ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಇರ್ಬಹುದು," ಎಂದ ವೆಂಡೆಲಿನ್. ಜೇಬಿನಿಂದ ಚಾಕು ತೆಗೆದು ಹಾಳೆಯನ್ನು ಚೌಕಟ್ಟಿನಿಂದ ಬಿಡಿಸಿದ. "ಇನ್ನೊಂದು ಕೊರೀತೀನಿ. ನಾಳೆ ಚರ್ಚು ಬಿಡೋ ಹೊತ್ತಿಗೆ ತರ್ತೀನಿ. ಯೋಲಾನಾ, ಆ ಫೋಟೋ ಮತ್ತೆ ಬೇಕಲ್ಲ."

ಅವಳು ಚೀಲದಿಂದ ಫೋಟೋ ತೆಗೆದಳು. ವೆಂಡೆಲಿನ್‌ಗೆ ಕೊಡಲಿಲ್ಲ; ಗಂಡನ ಕೈಗೆ ಕೊಟ್ಟಳು.

"ಬೆಳಿಗ್ಗೆ ನೋಡಿದ್ಯಾ ಅಂತ ಕೇಳಿದ್ದು ಇದನ್ನೇ."

ಕೆರೆ, ಹುಲ್ಲು, ಸಂಜೆಯ ಬಿಸಿಲು. ಹರೆಯದ ಯೋಲಾನಾ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು.

"ಒರಾವಾ ಅಣೆಕಟ್ಟು," ಎಂದಳು. "ಮದ್ವೆಗೆ ಮುಂಚಿನ ಬೇಸಿಗೆ. ನೀನು ದೋಣಿ ಹತ್ತೋಕೆ ಹೋಗಿ ನೀರಿಗೆ ಬಿದ್ದೆ. ಎದ್ದು ಬಂದು, ಒದ್ದೆ ಕೈಯಲ್ಲೇ ಈ ಫೋಟೋ ತೆಗೆದೆ. ಆ ಹಲ್ಲು ಅಂದ್ರೆ ನಂಗಿಷ್ಟ ಅಂದೆ."

"ನಾನಾ?"

"ನೀನೇ."

ಅವನಿಗೆ ದೋಣಿ ನೆನಪಿತ್ತು. ಬಾಡಿಗೆಯವನು ಜಗಳವಾಡಿದ್ದು ನೆನಪಿತ್ತು. ಒದ್ದೆಯಾಗಿ ಕೆಟ್ಟ ಕೈಗಡಿಯಾರ ಯಾವ ಕಂಪನಿಯದೆಂಬುದೂ ನೆನಪಿತ್ತು. ಅವಳು ನಕ್ಕದ್ದು ಮಾತ್ರ ಎಲ್ಲೂ ಇರಲಿಲ್ಲ. ಫೋಟೋದ ಕೆಳಗೆ ಹುಲ್ಲಿನ ಮೇಲೆ ತೆಗೆದವನ ನೆರಳು ಉದ್ದಕ್ಕೆ ಬಿದ್ದಿತ್ತು, ಮೊಣಕೈ ಎರಡೂ ಹೊರಕ್ಕೆ ಚಾಚಿ. ಅವಳು ನಗುತ್ತಿದ್ದುದು ಆ ನೆರಳಿಗೆ. ಬೊಹುಮಿಲ್‌ಗೆ ಆ ನೆರಳಿನ ಮೇಲೆ ಹೊಟ್ಟೆಕಿಚ್ಚಾಯಿತು. ವೆಂಡೆಲಿನ್‌ನನ್ನು ಕಂಡು ಆದದ್ದು ಇದರ ಮುಂದೆ ಏನೂ ಅಲ್ಲ.

"ದಾರೀಲಿ ಬಿತ್ತಾ?" ಎಂದು ಕೇಳಿದಳು ಯೋಲಾನಾ.

ಅವನು ಫೋಟೋವನ್ನು ವೆಂಡೆಲಿನ್‌ಗೆ ದಾಟಿಸಿದ. "ದಾರಿ ಸರಿಯಿಲ್ಲ," ಎಂದ.

ಅವಳು ತಲೆಯಾಡಿಸಿದಳು. ತುಟಿ ಬಿಗಿಯಾಗಿತ್ತು. ಹುಡುಗಿಯರನ್ನು ಕರೆದುಕೊಂಡು ಚೌಕದ ಆಚೆಗಿದ್ದ ಮಿಠಾಯಿ ಅಂಗಡಿಗೆ ಹೊರಟಳು. ಹಿಂದೆ ತಿರುಗಿ ನೋಡಲಿಲ್ಲ. ವೆಂಡೆಲಿನ್ ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತನ್ನ ಮನೆಯ ದಾರಿ ಹಿಡಿದ.

"ನಡುವೆ ಬರೀ ಮೊಳೆ ಬಿಟ್ರೆ ಅಸಹ್ಯ," ಎಂದು ಹೆರ್ಮೀನಾ ಚೌಕಟ್ಟನ್ನು ಹಾಗೆಯೇ ತೂಗುಹಾಕಿ, ಅಂಗಡಿಗೆ ಬೀಗ ಹಾಕಿ ಹೋದಳು.

ಬೊಹುಮಿಲ್ ಒಬ್ಬನೇ ಕಿಟಕಿಯ ಮುಂದೆ ನಿಂತ. ಸುತ್ತ ಮಕ್ಕಳ ಮುಖಗಳು. ನಡುವೆ ಚೆರಿ ಮರದ ಚೌಕಟ್ಟು, ಚೌಕಟ್ಟಿನೊಳಗೆ ಕಪ್ಪು ಮಖಮಲ್ಲು. ಅದರ ಕೆಳಗೆ ಕೆತ್ತಿದ ಅಕ್ಷರಗಳಲ್ಲಿ ಅವಳ ಹೆಸರು.

ಚರ್ಚಿನಲ್ಲಿ ಶನಿವಾರದ ಪೂಜೆ ಮುಗಿಸಿ ಬಂದ ಮುದುಕಿ ಔರೇಲಿಯಾ ಪಕ್ಕದಲ್ಲಿ ನಿಂತಳು. ಮೊದಲು ಮೊಮ್ಮಗಳನ್ನು ಹುಡುಕಿ ಸಂತೋಷಪಟ್ಟಳು. ಆಮೇಲೆ ಅವಳ ಕಣ್ಣು ನಡುವಿಗೆ ಬಂತು. ಟಾಬ್ಲೊದಲ್ಲಿ ತೀರಿಕೊಂಡವರ ಜಾಗವನ್ನು ಕಪ್ಪಾಗಿ ಬಿಡುವುದು ಆ ಊರಿನ ಪದ್ಧತಿ. ಅವಳು ಹೆಸರನ್ನು ತುಟಿಯಲ್ಲೇ ಓದಿದಳು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದಳು, ಪಕ್ಕದಲ್ಲಿ ನಿಂತವನು ಯಾರೆಂದು ಆಗ ಗುರುತಿಸಿದಳು.

"ಅಯ್ಯೋ ನನ್ನಪ್ಪಾ," ಎಂದು ಅವನ ಕೈ ಹಿಡಿದುಕೊಂಡಳು. "ನಂಗ್ಯಾರೂ ಹೇಳ್ಲೇ ಇಲ್ವಲ್ಲೋ."

ಒಂದು ಮಾತು ಸಾಕಿತ್ತು. ಅಲ್ಲಿದ್ದಾಳಲ್ಲ, ಮಿಠಾಯಿ ಅಂಗಡಿಯಲ್ಲಿ, ಎಂದರೆ ಮುಗಿಯಿತು. ಬೊಹುಮಿಲ್ ಬಾಯಿ ತೆರೆದ. ಅವಳ ಕೈ ಬೆಚ್ಚಗಿತ್ತು. ಇಷ್ಟು ಹೊತ್ತು ತನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲವೆಂದು ಅವನಿಗೆ ಹೊಳೆಯಿತು.

"ತುಂಬಾ ನರಳಿದ್ಳಾ?"

"ನಂಗೆ ಗೊತ್ತಾಗ್ಲೇ ಇಲ್ಲ," ಎಂದ.

ಮುದುಕಿ ಅವನ ಕೈಯನ್ನು ಎರಡೂ ಕೈಯಲ್ಲಿ ಒತ್ತಿದಳು. ಅಂಚೆಯ ಕೆಲಸದಿಂದ ನಿವೃತ್ತನಾದವನೊಬ್ಬ ದಾಟಿ ಹೋಗುತ್ತಿದ್ದವನು ಕಿಟಕಿ ನೋಡಿದ, ಮುದುಕಿಯನ್ನು ನೋಡಿದ, ಟೋಪಿ ತೆಗೆದು ಅವಳ ಹಿಂದೆ ಸರದಿಗೆ ನಿಂತ. ಅವನ ಹಿಂದೆ ಒಬ್ಬ ಹೆಂಗಸು ತರಕಾರಿ ಚೀಲವನ್ನು ನೆಲಕ್ಕಿಟ್ಟು ತಲೆಬಟ್ಟೆ ಸರಿಮಾಡಿಕೊಂಡಳು.

ಚೌಕದ ಆಚೆ ಮಿಠಾಯಿ ಅಂಗಡಿಯ ಬಾಗಿಲು ತೆರೆಯಿತು. ಯೋಲಾನಾ ಕೇಕಿನ ಪೊಟ್ಟಣ ಹಿಡಿದು ಹೊರಗೆ ಬಂದಳು. ಜನ ಸಾಲಾಗಿ ನಿಂತು ಗಂಡನ ಕೈ ಕುಲುಕುವುದನ್ನು ಕಂಡಳು. ಚೌಕಟ್ಟು ಜನಕ್ಕೆ ಹಿಡಿಸಿರಬೇಕು ಎಂದುಕೊಂಡಳೋ ಏನೋ, ಅಲ್ಲಿಂದಲೇ ಪೊಟ್ಟಣವನ್ನು ಎತ್ತಿ ತೋರಿಸಿದಳು. ಬೊಹುಮಿಲ್ ಅಂಚೆಯವನ ಕಡೆಗೆ ಕೈ ಚಾಚಿದ.