ನೂರ ಹನ್ನೆರಡನೇ ಪುಟದ ‘ನು’

ಬಂದನು ಅಂತಿದೆಯಲ್ಲ, ಬಂದಳು ಆಗಬೇಕಲ್ಲವೇ ಎಂದು ಪ್ರೆಸ್ಸಿನವರು ಅಪ್ಪನ ಸಮಗ್ರ ಕವಿತೆಗಳ ಅಚ್ಚಿನ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದಾರೆ, ಪುಟ ನೂರ ಹನ್ನೆರಡು, ಅಪ್ಪನ ಅತಿ ಪ್ರಸಿದ್ಧ ಪ್ರೇಮಗೀತೆ, ಉದ್ದಕ್ಕೂ ಅವಳು ಅವಳು ಅಂತ ಹೋಗಿ ಕೊನೆಗೆ ಮಾತ್ರ ಬಂದನು — ಈ ಒಂದು ‘ನು’ ಹಿಡಿದು ಪ್ರೊಫೆಸರರೊಬ್ಬರು ನಾಲ್ಕು ಪುಟ ಬರೆದು ಬಂದವನು ಪರಮಾತ್ಮ ಅಂದುಬಿಟ್ಟಿದ್ದರು, ಅಪ್ಪ ಹೌದು ಹೌದು ಎಂದು ತಲೆಯಾಡಿಸಿದ್ದರು, ಈಗ ನೋಡಿದರೆ ಪಕ್ಕದ ಕೋಣೆಯಿಂದ ಅವರೇ, ಅಚ್ಚಿನ ತಪ್ಪಮ್ಮಾ ಅದು, ಳು ಮಾಡಿ ಕಳಿಸು, ಸಂಜೆಯೊಳಗೆ ಹೋಗ್ಬೇಕು. ಮೂಲ ನೋಡದೆ ತಿದ್ದುವವಳಲ್ಲ ನಾನು, ಅದಕ್ಕೇ ಬೀರುವಿನ ತಳ ಕೆದಕಿದೆ, ಅದಕ್ಕೇ ಈ ರಟ್ಟಿನ ನೋಟುಪುಸ್ತಕ ಸಿಕ್ಕಿತು — ಅಯ್ಯೋ ದೇವರೇ, ಇದು ಅಪ್ಪನ ಅಕ್ಷರವಲ್ಲ.

ಅಮ್ಮನದು. ಈ ದುಂಡನೆಯ ಅಕ್ಷರದಲ್ಲೇ ನನ್ನ ಶಾಲೆಗೆ ರಜಾಚೀಟಿ ಬರೆದುಕೊಡುತ್ತಿದ್ದಳು, ಮಗಳಿಗೆ ಜ್ವರ, ದಯವಿಟ್ಟು — ಅದೇ ಅಕ್ಷರದಲ್ಲಿ ಬಂದನು, ನಕ್ಕನು, ಎಡಗೆನ್ನೆಯ ಮಚ್ಚೆಯವನು, ಮೇಲೆ ಮದುವೆಗೂ ಎರಡು ವರ್ಷ ಹಿಂದಿನ ತಾರೀಖು, ಆಮೇಲೆ ನೀಲಿ ಶಾಯಿಯಲ್ಲಿ ಅಪ್ಪನ ಓರೆ ಅಕ್ಷರ, ಒಂದೊಂದು ‘ನು’ವನ್ನೂ ಹೊಡೆದು ಮೇಲೆ ಳು, ಳು, ಳು, ಛಂದಸ್ಸು ಕೂಡ ಕೆಡುವುದಿಲ್ಲ, ಎಷ್ಟು ಸಲೀಸು, ಕಣ್ತಪ್ಪಿ ಉಳಿದದ್ದು ಇದೊಂದೇ. ನನ್ನ ಮೇಲಿನ ಪ್ರಭಾವ ಸಮುದ್ರದ್ದು, ಹಳೆಯ ಕವಿಗಳದ್ದು ಎಂದು ಸಂದರ್ಶನಗಳಲ್ಲಿ ಅಪ್ಪನ ಭಾಷಣ ಬೇರೆ, ಎಂಥ ಹಸಿಸುಳ್ಳು, ಆ ಮಚ್ಚೆಯವಳು ಯಾರೆಂದು ಊರೆಲ್ಲ ಗುಸುಗುಸು, ಪಾಪ ನೀನು ಎಷ್ಟು ಸಹಿಸಿಕೊಂಡ್ಯಕ್ಕಾ ಎಂದು ಚಿಕ್ಕಮ್ಮ ಅಮ್ಮನ ಕೈ ಹಿಡಿದು ಅತ್ತಿದ್ದಳು, ನಾನೂ ಆ ಇಲ್ಲದ ಹೆಂಗಸಿಗೆ ಇಷ್ಟು ವರ್ಷ ಹಿಡಿಶಾಪ ಹಾಕಿದೆನಲ್ಲ, ಇದ್ದದ್ದು ಗಂಡಸು, ಅಮ್ಮನವನು — ಅಪ್ಪನ ಕೆನ್ನೆಯಲ್ಲಿ ಮಚ್ಚೆಯಿಲ್ಲ. ಅಪ್ಪನ ಕೆನ್ನೆಯಲ್ಲಿ ಮಚ್ಚೆಯೇ ಇಲ್ಲ.

ಬಟಾಣಿ ಬಿಡಿಸುತ್ತಿದ್ದ ಅಮ್ಮ ಹಾಗೇ ಎದ್ದು ಬಂದು ನಿಂತಿದ್ದಾಳೆ, ಎಷ್ಟು ಹೊತ್ತಾಯಿತೋ, ನೋಟುಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು, ಅಮ್ಮಾ ಇದು ನಿಂದಾ, ಹ್ಞೂಂ, ಅಪ್ಪಂಗೆ ನೀನೇ ಕೊಟ್ಯಾ, ಕೇಳಿದ್ರೆ ತಾನೇ ಕೊಡೋದು — ಅಷ್ಟೇ, ಬೈಯುವುದಿಲ್ಲ, ಅಳುವುದಿಲ್ಲ, ಅತ್ತಿಂದ ಅಪ್ಪ, ಆಯ್ತೇನಮ್ಮಾ, ಕೆಂಪು ಪೆನ್ನು ನನ್ನ ಕೈಯಲ್ಲಿ, ಹೇಳಮ್ಮಾ ಏನ್ಮಾಡ್ಲಿ, ಅವಳು ಬಗ್ಗಿ ಕರಡಿನ ಮೇಲೆ ಹೆಬ್ಬೆರಳಿಟ್ಟಳು, ಅವ್ನೊಬ್ಬ ಉಳ್ಕೊಂಡಿದಾನೆ, ಇರ್ಲಿ ಬಿಡೇ, ಹಸಿರು ಮೆತ್ತಿದ ಹೆಬ್ಬೆರಳು, ಆಯ್ತೇನಮ್ಮಾ ಎಂದು ಮತ್ತೆ ಅಪ್ಪ, ಪೆನ್ನು ಮುಚ್ಚಿದೆ, ಆದರೂ ಅವಳ ಹೆಬ್ಬೆರಳು ಏಳುತ್ತಿಲ್ಲ, ಆ ‘ನು’ವಿನ ಮೇಲೆ ಹೆಬ್ಬೆರಳು, ಹೆಬ್ಬೆರಳು —