ಮೇಸ್ತ್ರಿಗೆ ಕೇಳಿಸದ ಸದ್ದು

ಗ್ಯಾರೇಜಿನ ಮೇಸ್ತ್ರಿಗೆ ಊರವರು ಇಟ್ಟಿದ್ದ ಹೆಸರು ಕಿವಿ ಮೇಸ್ತ್ರಿ. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ ಗಾಡಿಯ ರೋಗ ಹೇಳಿಬಿಡುತ್ತಿದ್ದ. ಆ ಕಿವಿ ಒಂದು ವರ್ಷದಿಂದ ಮಂದವಾಗುತ್ತ ಬಂದಿತ್ತು. ಅದನ್ನವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಕೊಂಡು ಹೇಗೋ ದಿನ ದೂಡುತ್ತಿದ್ದ.

ಒಂದು ಸೋಮವಾರ ಟೀಚರಮ್ಮ ತಮ್ಮ ಹಳೆಯ ಡೀಸೆಲ್ ಕಾರು ತಂದರು. ಇಪ್ಪತ್ತು ವರ್ಷದಿಂದ ಇವನ ಕೈಯಲ್ಲೇ ಪಳಗಿದ ಗಾಡಿ.

"ಒಂದೊಂದು ಸಲ ಸ್ಟಾರ್ಟೇ ಆಗಲ್ಲ ಮೇಸ್ತ್ರಿಗಳೇ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಯಾವಾಗ ಫೋನ್ ಬರುತ್ತೋ ಗೊತ್ತಿಲ್ಲ. ಇದು ಕೈಕೊಟ್ಟರೆ ಏನು ಮಾಡ್ಲಿ?"

"ನಾನಿರೋವಾಗ ಯಾಕೆ ಚಿಂತೆ? ಕೀ ತಿರುಗಿಸಿ."

ಎಂಜಿನ್ ಅಲುಗಲಿಲ್ಲ. ಮೇಸ್ತ್ರಿ ಕತ್ತು ಓರೆ ಮಾಡಿ ನಿಂತ. ಟಕಟಕ ಎಂದು ಬಿಡದೆ ಹೊಡೆದುಕೊಂಡರೆ ಬ್ಯಾಟರಿ ಸೋತಿದೆ ಎಂದರ್ಥ. ಒಂದೇ ಸಲ ಟಕ್ ಎಂದು ಸುಮ್ಮನಾದರೆ ತೊಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್‌ನಲ್ಲಿ. ಅವನಿಗೆ ಎರಡೂ ಕೇಳಿಸಲಿಲ್ಲ. 'ಏನಾದರೂ ಸದ್ದು ಬಂತಾ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿ ಉಜ್ಜಿ ತೆಗೆದು ವೈರು ಬಿಗಿ ಮಾಡಿದ. ಮತ್ತೆ ತಿರುಗಿಸಿದಾಗ ಅದೃಷ್ಟಕ್ಕೆ ಕಾರು ಗುಡುಗುಡು ಎಂದು ಎದ್ದಿತು.

"ಲೂಸ್ ಕಾಂಟ್ಯಾಕ್ಟ್, ಅಷ್ಟೇ," ಎಂದು ಕಳಿಸಿಕೊಟ್ಟ.

ಗುರುವಾರ ಬೆಳಿಗ್ಗೆ ಟೀಚರಮ್ಮನಿಗೆ ಫೋನ್ ಬಂತು. ಕಾರು ಏಳಲಿಲ್ಲ. ಒಬ್ಬರೇ ತಳ್ಳಿ ಎಬ್ಬಿಸುವ ಗಾಡಿಯೂ ಅಲ್ಲ. ಓಡಿಹೋಗಿ ಬಸ್ ಹಿಡಿದರು, ನಡುವೆ ಇಳಿದು ಇನ್ನೊಂದು ಬಸ್ ಹತ್ತಿದರು. ಅವರು ತಲುಪುವ ಅರ್ಧ ಗಂಟೆ ಮೊದಲು ತಾಯಿ ಕಣ್ಣು ಮುಚ್ಚಿದ್ದರು.

ಎಲ್ಲ ಮುಗಿದ ಮೇಲೆ ಅವರು ಮೇಸ್ತ್ರಿಗೆ ಹೇಳಿಕಳಿಸಿದರು. ಅವನು ಸಾಮಾನಿನ ಚೀಲ ಹೊತ್ತು ಮನೆಗೇ ಹೋದ. ಕಾರಿನಡಿ ಮಲಗಿ ಸ್ಟಾರ್ಟರ್ ಇಳಿಸಿ, ಮೆಟ್ಟಿಲ ಮೇಲಿಟ್ಟು ಬಿಚ್ಚಿದ. ಒಳಗೆ ಕರೆಂಟು ದಾಟಿಸುವ ತಾಮ್ರದ ತುಂಡುಗಳು ಸುಟ್ಟು ಕರಕಲಾಗಿದ್ದವು. ಎರಡು ಮೂರು ದಿನದಲ್ಲಿ ಆಗುವಂಥದ್ದಲ್ಲ ಅದು.

"ಕೀ ತಿರುಗಿಸಿದಾಗ ಸದ್ದು ಹೇಗಿತ್ತು?" ಎಂದು ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನನ್ನು ಕೇಳಿದ.

"ಒಂದೇ ಸಲ ಟಕ್ ಅಂತು. ಅವತ್ತು ನಿಮ್ಮೆದುರಿಗೂ ಹಾಗೇ ಅಂದಿತ್ತಲ್ಲ?"

ಗಾಡಿ ಹಳೆಯದು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಮೇಸ್ತ್ರಿಗೆ ಮನಸ್ಸು ಬರಲಿಲ್ಲ.

"ನನಗೆ ಕೇಳಿಸಲಿಲ್ಲ ಟೀಚರಮ್ಮ. ಕೇಳಿಸಿದ್ದರೆ ಅವತ್ತೇ ಬಿಚ್ಚುತ್ತಿದ್ದೆ. ನನ್ನ ಕಿವಿ ಕೆಟ್ಟು ವರ್ಷ ಆಯ್ತು."



"ನಾನು ಅಲ್ಲೇ ಕೂತಿದ್ದೆನಲ್ಲ. ಒಂದು ಮಾತು ಕೇಳಬಾರದಿತ್ತಾ?"

"ನಾಚಿಕೆ ಆಯ್ತು."

"ಅಮ್ಮ ಬಾಗಿಲ ಕಡೆಗೇ ನೋಡ್ತಿದ್ದಳಂತೆ," ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಮೇಸ್ತ್ರಿ ಪೇಟೆಗೆ ಹೋಗಿ ಹೊಸ ತುಂಡುಗಳನ್ನು ತಂದು ಕೂರಿಸಿದ. ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿದ, ಹತ್ತು ಸಲವೂ ಎದ್ದಿತು. ಟೀಚರಮ್ಮ ಕೀ ಇಸಿದುಕೊಂಡು ಬಾಗಿಲು ಹಾಕಿಕೊಂಡರು. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವನಿಗೆ.

ಸಂಜೆ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿಕೊಂಡ.

"ನನಗೆ ಗೊತ್ತಿತ್ತು ರೀ," ಎಂದಳು ಅವಳು. "ಒಂದು ವರ್ಷದಿಂದ ಕೂಗಿ ಕೂಗಿ ನನ್ನ ಗಂಟಲೇ ಬಿದ್ದುಹೋಗಿದೆ. ನೀವಾಗಿ ಹೇಳ್ಲಿ ಅಂತ ಸುಮ್ಮನಿದ್ದೆ."

ಅವನಿಗೆ ನಗು ಬಂತು. ಆ ನಗುವಿನಲ್ಲೇ ಬಿಕ್ಕಳಿಸಿ ಅತ್ತುಬಿಟ್ಟ.

ಈಗ ಅವನು ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾನೆ. ಗಾಡಿ ತಂದವರನ್ನು, ನಿಮಗೆ ಹೇಗೆ ಕೇಳಿಸಿತು ಹೇಳಿ ಎಂದು ವಿಚಾರಿಸುತ್ತಾನೆ. ಟೀಚರಮ್ಮನ ಕಾರು ಬೇರೆ ಗ್ಯಾರೇಜಿಗೆ ಹೋಗುತ್ತದೆ. ಅದು ರಸ್ತೆಯಲ್ಲಿ ಹಾದುಹೋದಾಗ ಮೇಸ್ತ್ರಿ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾನೆ. ಅವರು ಈ ಕಡೆ ತಿರುಗಿ ನೋಡುವುದಿಲ್ಲ.